ಕೋಶ ಇಟ್ಟುಕೊಂಡ ಲೆಕ್ಕ

ಜೀವಕೋಶದ ವರ್ಣತಂತುವಿನ ತುದಿಯಾದ ಟೆಲೋಮಿಯರ್ ಉದ್ದವಾದರೆ ಮುಪ್ಪು ದೂರ ಎನ್ನುವ ಗುಳಿಗೆಯ ಜಾಹೀರಾತು, ಆ ತುದಿಯನ್ನು ಉದ್ದ ಮಾಡುವ ಕಿಣ್ವ ಟೆಲೋಮರೇಸ್ ಹೆಚ್ಚಾದರೆ ಕ್ಯಾನ್ಸರ್ ಎನ್ನುವ ಎಚ್ಚರಿಕೆ, ಎರಡೂ ಒಂದೇ ಮೊಬೈಲಿಗೆ ಬರುತ್ತಿವೆ. ಯಾವುದನ್ನು ನಂಬಬೇಕು ಎಂದು ಕೇಳುವವರು ಮೊದಲು ಒಂದು ಹಳೆಯ ಪ್ರಶ್ನೆಗೆ ಹೋಗಬೇಕು: ನಮ್ಮ ಮೈಯ ಒಂದು ಜೀವಕೋಶ ಎಷ್ಟು ಸಲ ಒಡೆದು ಎರಡಾಗಬಲ್ಲದು?

ಕೋಶ ಹುಟ್ಟುವುದು ಕೋಶದಿಂದಲೇ ಎಂದು ಜರ್ಮನಿಯ ವೈದ್ಯ ವಿರ್ಚೋ 1855ರಲ್ಲಿ ಹೇಳಿದ್ದರು. ಒಡೆಯುವಾಗ ಒಳಗಿನ ಎಳೆಗಳು ಪಾಲಾಗುವ ಬಗೆಯನ್ನು ಅಲ್ಲಿಯದೇ ಜೀವವಿಜ್ಞಾನಿ ಫ್ಲೆಮಿಂಗ್ 1882ರ ಹೊತ್ತಿಗೆ ಬಣ್ಣ ಹಾಕಿ ನೋಡಿ ಬರೆದಿದ್ದರು. ಎಷ್ಟು ಸಲ ಎಂಬುದನ್ನು ಯಾರೂ ಎಣಿಸಿರಲಿಲ್ಲ.

1912ರ ಜನವರಿಯಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಹೆಸರಾಂತ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಯಲು ಇಟ್ಟರು. ಆ ಕೋಶಗಳ ಸಂತಾನ 34 ವರ್ಷ ನಡೆಯಿತು, ಕ್ಯಾರೆಲ್ ತೀರಿಕೊಂಡ ಮೇಲೂ. ಕೋಶಕ್ಕೆ ಸಾವಿಲ್ಲ, ಸತ್ತರೆ ಅದು ಸಾಕಿದವರ ಕೈತಪ್ಪು ಎಂಬ ಮಾತು ಪಾಠವಾಗಿ ಕೂತುಬಿಟ್ಟಿತು. ಬೇರೆಯವರಿಗೆ ಹಾಗೆ ಬೆಳೆಸಲು ಆಗಲಿಲ್ಲ. ಆಗದವರು ತಮ್ಮನ್ನೇ ದೂರಿಕೊಂಡರು. ಆಹಾರವೆಂದು ಹಾಕುತ್ತಿದ್ದ ಭ್ರೂಣದ ರಸದ ಜೊತೆ ಹೊಸ ಜೀವಂತ ಕೋಶಗಳೂ ಸೇರಿಹೋಗುತ್ತಿದ್ದಿರಬಹುದು ಎಂಬ ವಿವರಣೆ ಬಂದದ್ದು ಬಹಳ ತಡವಾಗಿ. ಅದು ಯಾರ ಕೈಯ ಕೆಲಸ ಎನ್ನುವುದು ನನಗೆ ಮುಖ್ಯವಲ್ಲ. ದೊಡ್ಡ ಹೆಸರಿನ ಮುಂದೆ ಇಷ್ಟೊಂದು ಜನ ತಮ್ಮ ಕಣ್ಣನ್ನೇ ನಂಬಲಿಲ್ಲವಲ್ಲ ಎಂಬುದು ಕಾಡುತ್ತದೆ.

ಕೊನೆಗೆ ಎಣಿಸಿದವರು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, 1961ರಲ್ಲಿ. ಮಾನವ ಭ್ರೂಣದ ಕೋಶಗಳು ಸುಮಾರು 50 ಸಲ ಇಮ್ಮಡಿಯಾಗಿ ನಿಂತುಬಿಡುತ್ತಿದ್ದವು. ತಪ್ಪು ಕೈಯದೋ, ಕೋಶದ್ದೇ ಗುಣವೋ? ಸುಮಾರು 40 ಸಲ ಇಮ್ಮಡಿಯಾಗಿ ಮುದಿಯಾದ ಗಂಡಿನ ಕೋಶಗಳನ್ನೂ, 10 ಸಲವಷ್ಟೇ ಆಗಿದ್ದ ಹೆಣ್ಣಿನ ಕೋಶಗಳನ್ನೂ ಒಂದೇ ಪಾತ್ರೆಗೆ ಹಾಕಿದರು. ಅದೇ ಆಹಾರ, ಅದೇ ಬಿಸಿ, ಅದೇ ಕೈ. ಪ್ರತ್ಯೇಕವಾಗಿ ಇಟ್ಟಿದ್ದ ಗಂಡಿನ ಕೋಶಗಳು ಒಡೆಯುವುದನ್ನು ನಿಲ್ಲಿಸಿದಾಗ ಈ ಪಾತ್ರೆಯನ್ನು ನೋಡಿದರೆ, ಉಳಿದಿದ್ದವು ಹೆಣ್ಣಿನವು ಮಾತ್ರ. ಪಾತ್ರೆಯಲ್ಲಿ ದೋಷವಿದ್ದಿದ್ದರೆ ಎರಡೂ ಹೋಗಬೇಕಿತ್ತು. ಇನ್ನೂ ಬೆರಗಿನ ಸಂಗತಿಯೆಂದರೆ, ಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟು ಎಷ್ಟೋ ದಿನದ ಮೇಲೆ ಕರಗಿಸಿದರೂ ಅವು ಬಿಟ್ಟಲ್ಲಿಂದಲೇ ಲೆಕ್ಕ ಮುಂದುವರಿಸುತ್ತಿದ್ದವು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಮೊದಲು ಕಳಿಸಿದ ಪತ್ರಿಕೆ ವಾಪಸು ಮಾಡಿತು.

ಲೆಕ್ಕ ಇರುವುದೆಲ್ಲಿ? ಸೆರಗಿನ ನೂಲು ಬಿಚ್ಚದಂತೆ ಕುಚ್ಚು ಕಟ್ಟುತ್ತೇವಲ್ಲ, ಹಾಗೆ ವರ್ಣತಂತುವಿನ ತುದಿ ಕಾಯುವುದು ಟೆಲೋಮಿಯರ್. ಪ್ರತಿ ಸಲ ನಕಲಾಗುವಾಗ ತುದಿ ಚೂರು ಸವೆಯಬೇಕು ಎಂದು 1971ರಲ್ಲಿ ಮಾಸ್ಕೋದ ಓಲೊವ್ನಿಕೋವ್ ಊಹಿಸಿದರು. ಸವೆದದ್ದನ್ನು ತುಂಬಿಕೊಡುವ ಕಿಣ್ವ ಟೆಲೋಮರೇಸ್‌ನ ಗುರುತು 1984ರ ಡಿಸೆಂಬರ್ 25ರಂದು ಕ್ಯಾರಲ್ ಗ್ರೈಡರ್ ಅವರಿಗೆ ಸಿಕ್ಕಿತು. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಪ್ರಯೋಗಾಲಯದಲ್ಲಿ, ಕೊಳದ ಒಂದು ಏಕಕೋಶ ಜೀವಿಯಲ್ಲಿ. 1998ರಲ್ಲಿ ಆ ಕಿಣ್ವದ ಜೀನನ್ನು ಮಾನವ ಕೋಶಗಳಿಗೆ ಸೇರಿಸಿದಾಗ ಅವು ತಮ್ಮ ಗಡಿ ದಾಟಿದವು.

ಗಡಿ ದಾಟಿದ ಕೋಶಗಳು ಆಗಲೇ ಇದ್ದವು. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ರೋಗಿಯ ಕ್ಯಾನ್ಸರ್ ಗೆಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದಿಟ್ಟ ಕೋಶಗಳು ಇಂದಿಗೂ ಒಡೆಯುತ್ತಲೇ ಇವೆ. ಹೆಚ್ಚಿನ ಕ್ಯಾನ್ಸರ್‌ಗಳು ಇದೇ ಟೆಲೋಮರೇಸ್ ಬಳಸಿ ಲೆಕ್ಕ ತಪ್ಪಿಸಿಕೊಳ್ಳುತ್ತವೆ. ಜಾಹೀರಾತು ಹೊಗಳುವುದು, ಎಚ್ಚರಿಕೆ ಬೆದರಿಸುವುದು ಒಂದೇ ಕಿಣ್ವವನ್ನು. ಇನ್ನು ಬರೀ ಉದ್ದದ ಮಾತಿಗೆ ಬಂದರೆ, ಪ್ರಯೋಗಾಲಯದ ಇಲಿಯ ಟೆಲೋಮಿಯರ್ ನಮ್ಮದಕ್ಕಿಂತ ಎಷ್ಟೋ ಉದ್ದ. ಅದು ಬದುಕುವುದು ಎರಡು ಮೂರು ವರ್ಷ.