ಹೋಟೆಲಿನ ಪಾಲು ಬೇಡ ಅಂದ ಶೀನಣ್ಣ ಎಲ್ಲಿಂದ ಬಂದ?

ನನ್ನ ಕತೆಯೊಂದರ ಶೀನಣ್ಣ ಮುಂಬೈಯ ಗಿರಣಿಗಳ ಪ್ರದೇಶವಾದ ಪರೇಲಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಾ ಶುರು ಮಾಡಿ, ಕೊನೆಗೆ ಗಲ್ಲಾದಲ್ಲಿ ಕೂತವನು. ಇಡ್ಲಿ ಹೋಟೆಲನ್ನು ಬಿಯರ್ ಬಾರ್ ಮಾಡೋಣ, ಅರ್ಧ ಪಾಲು ನಿನಗೆ ಅಂತಾರೆ ಧಣಿಗಳು. ಅವನು ಬೇಡ ಅನ್ನುತ್ತಾನೆ. ‘ಜಾಸ್ತಿ ಆದ್ರೆ ಅದನ್ನು ಕಾಯೋದೇ ಒಂದು ಕೆಲಸ ಆಗ್ತದೆ, ಧಣಿ.’ ಮುಂಬೈಯಲ್ಲಿ ಯಾರಾದರೂ ಹೀಗೆ ಹೇಳ್ತಾರಾ ಎಂದು ಓದಿದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ಬಿಜಾಪುರಗಳೂ 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇದ್ದವು. ಅಲ್ಲಿನ ಓದಿದ ಹುಡುಗರಿಗೆ ಕಾಲೇಜು, ನೌಕರಿ ಅಂದರೆ ಈ ಊರೇ. ದಕ್ಷಿಣ ಕನ್ನಡದವರು ಹಡಗು ಹತ್ತಿ ಹೋಟೆಲ್ ಕೆಲಸಕ್ಕೆ ಬಂದರು. ಮಾಟುಂಗಾದಲ್ಲಿ ರಾಮ ನಾಯಕರ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಹಗಲು ಟೇಬಲ್ ಒರೆಸಿದ ಹುಡುಗರು ಫೋರ್ಟಿನ ರಾತ್ರಿ ಶಾಲೆಗಳಲ್ಲಿ ಓದಿದರು.

ದುಡ್ಡು ದೊಡ್ಡದಾ ಎಂದು ಕೇಳಲು ಅವರಿಗೆ ಪುರುಸೊತ್ತೆಲ್ಲಿತ್ತು? ತಿಂಗಳಾದರೆ ಊರಿಗೆ ಮನಿಯಾರ್ಡರ್ ಹೋಗಬೇಕು. ಅಡವಿಟ್ಟ ಗದ್ದೆ ಬಿಡಿಸಬೇಕು, ತಂಗಿಯ ಮದುವೆ ಮಾಡಬೇಕು. ಆ ದುಡ್ಡಿನಲ್ಲಿ ಮಾನ ಇತ್ತು. ಅದನ್ನು ಸಣ್ಣದು ಅನ್ನಲು ನನಗೆ ಮನಸ್ಸಿಲ್ಲ.

ಪ್ರಶ್ನೆ ಎದ್ದದ್ದು ಹೊಟ್ಟೆ ತುಂಬಿದ ಮೇಲೆ, ಆಫೀಸುಗಳಲ್ಲಿ. 1979ರಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ ಬಂತು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಮುಂಬೈಯ ರಸಾಯನ ಉದ್ಯಮದಲ್ಲಿ ದುಡಿದವರು. ಕಂಪನಿಯ ಒಳಗುಟ್ಟು ಅವರಿಗೆ ಗೊತ್ತಿತ್ತು. ಕಾದಂಬರಿಯ ನಾಯಕ ನಾಗಪ್ಪ ಕಂಪನಿಯೊಳಗಿನ ಸಂಚಿಗೆ ಸಿಕ್ಕಿ ಅಮಾನತಾಗುತ್ತಾನೆ. ಆಗ ಅವನಿಗೆ ಬಡ್ತಿ, ಅಧಿಕಾರ, ಗೆಳೆತನ ಎಲ್ಲದರ ಮೇಲೂ ಅನುಮಾನ ಹುಟ್ಟುತ್ತದೆ. ತನ್ನ ಮೇಲೂ. ನಾನು ಅದನ್ನು ಓದಿದ್ದು ಲೋಕಲ್ ಟ್ರೇನಿನಲ್ಲಿ, ನಿಂತುಕೊಂಡು. ಸುತ್ತ ನಿಂತವರೆಲ್ಲ ನಾಗಪ್ಪನ ಹಾಗೆ ಕಂಡರು.

ಕನ್ನಡಕ್ಕೆ ಲೋಕದ ಬೆಲೆಯನ್ನು ಪ್ರಶ್ನಿಸುವವರು ಹೊಸಬರಲ್ಲ. ಅಕ್ಕಮಹಾದೇವಿ ಅರಮನೆ ಬಿಟ್ಟು ನಡೆದಳು. ನವಕೋಟಿ ನಾರಾಯಣ ಎನಿಸಿಕೊಂಡಿದ್ದ ವ್ಯಾಪಾರಿ ಎಲ್ಲ ದಾನ ಮಾಡಿ ಪುರಂದರದಾಸರಾದ ಕತೆ ಎಲ್ಲರಿಗೂ ಗೊತ್ತು, ಅಲ್ವಾ? ಅವರು ಕೇಳಿದರು, ಬಿಟ್ಟು ಹೊರಟರು. ನಾಗಪ್ಪನ ಪ್ರಶ್ನೆಗಳು ಹುಟ್ಟುವುದು ವಿಚಾರಣೆ, ಕಾಗದಪತ್ರ, ಚಾಳಿನ ಖೋಲಿಯ ನಡುವೆ. ಊರಿಡೀ ಓಡುತ್ತಿರುವಾಗ ಅದೇ ಊರಿನಲ್ಲಿ ನಿಂತು ಕೇಳುವುದು ಇನ್ನೂ ಕಷ್ಟ. ಮುಂಬೈ ಕನ್ನಡಕ್ಕೆ ಕೊಟ್ಟ ಹೊಸ ಮನುಷ್ಯ ಇವನೇ ಎಂದು ನನ್ನ ನಂಬಿಕೆ.

ಶೀನಣ್ಣ ಬಂದದ್ದು ಅದರ ನಂತರದ ಕಾಲದಿಂದ. 1982ರ ಜನವರಿ 18ರಂದು ಕಾರ್ಮಿಕ ಮುಖಂಡ ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳ ಮಂದಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ಪಾಳಿ ಬಿಟ್ಟು ಬರುವವರ ಚಹಾ, ಊಟವನ್ನೇ ನಂಬಿದ್ದ ಹೋಟೆಲುಗಳಿಗೂ ಏಟು ಬಿತ್ತು. ಆಮೇಲೆ ಗಿರಣಿ ಜಾಗದಲ್ಲಿ ಮಾಲ್, ಆಫೀಸು, ಗಗನಚುಂಬಿ ಮನೆಗಳು ಎದ್ದವು. ಎಷ್ಟೋ ಉಡುಪಿ ಹೋಟೆಲುಗಳು ಬಾರ್ ಆದವು. ನೆಲದ ಬೆಲೆಯ ಮುಂದೆ ಆ ನೆಲದಲ್ಲಿ ದುಡಿದವರ ಬೆಲೆ ಇಲ್ಲವಾಯಿತು. ಈ ಮಾತು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಗಿರಣಿಯವರ ಸಾಲದ ಪುಸ್ತಕ ಇಟ್ಟುಕೊಂಡಿದ್ದ ಶೀನಣ್ಣ ಅದನ್ನೆಲ್ಲ ಗಲ್ಲಾದಿಂದಲೇ ನೋಡಿದವನು. ಅವನು ಬೇಡ ಅಂದದ್ದು ಸುಮ್ನೆ ಅಲ್ಲ.

ಅವನನ್ನು ಊರಿಗೆ ಕಳಿಸಬಹುದಿತ್ತಲ್ಲ ಎಂದೂ ಕೆಲವರು ಹೇಳಿದರು. ತೆಂಗಿನ ತೋಟ, ನೆಮ್ಮದಿ. ನನಗೆ ಅದು ಸರಿ ಕಾಣಲಿಲ್ಲ. ಮುಂಬೈಯಿಂದ ಬಂದವನನ್ನು ಊರಲ್ಲಿ ಬಸ್ಸಿಳಿಯುವಾಗಲೇ ಕೇಳುತ್ತಾರೆ, ‘ಸ್ವಂತ ಹೋಟೆಲಾ?’ ಎಂದು. ಹಾಗಾಗಿ ಅವನನ್ನು ದಾದರಿನ ಇನ್ನೊಂದು ಹೋಟೆಲಿನ ಗಲ್ಲಾಕ್ಕೆ ಕಳಿಸಿದೆ, ಸಂಬಳಕ್ಕೆ.