ಸರೋವರಕ್ಕೆ ಹಾಕಿದ ಟ್ರೇಸರ್, ಮೀನಿಗೆ ಬಿದ್ದ ಡೋಸ್

ಕೆನಡಾದ ವಾಯವ್ಯ ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಮೀಸಲಾದ ಸರೋವರಗಳಿವೆ. 1970ರ ದಶಕದಲ್ಲಿ ಅಲ್ಲಿ ಇಡೀ ಸರೋವರಕ್ಕೇ ಸೀಸಿಯಂ-134, ಕೋಬಾಲ್ಟ್-60, ಸತು-65, ಕಬ್ಬಿಣ-59ರಂಥ ವಿಕಿರಣಶೀಲ ಟ್ರೇಸರ್‌ಗಳನ್ನು ಬೆರೆಸಿ, ಲೋಹಗಳು ನೀರಿನಿಂದ ಹೂಳಿಗೂ ಜೀವಿಗಳಿಗೂ ಹೇಗೆ ಸಾಗುತ್ತವೆ ಎಂದು ನೋಡಿದರು. ಇಂಥ ಪ್ರಯೋಗಗಳ ದತ್ತಾಂಶ ಇವತ್ತಿಗೂ ಚಿನ್ನ. ಆದರೆ ಅದನ್ನು ಬರೆದಿಟ್ಟದ್ದು ಲೋಹದ ಜಾಡು ಹಿಡಿಯಲು. ಮೀನಿನ ಡೋಸ್, ಅಂದರೆ ಅದರ ಮೈ ಹೀರಿಕೊಂಡ ವಿಕಿರಣ ಶಕ್ತಿಯ ಲೆಕ್ಕಕ್ಕೆ ಅದನ್ನೇ ನೇರವಾಗಿ ಎತ್ತಿಕೊಂಡರೆ ಎಡವುತ್ತೇವೆ.

ಮೊದಲು ದಿನಾಂಕ ನೋಡಿ. ಹಾಕಿದ ಟ್ರೇಸರ್ ಎಲ್ಲೆಲ್ಲಿ ಸೇರಿತು ಎಂಬ ಲೆಕ್ಕ ತಾಳೆಯಾಗಲೆಂದು, ವಿಘಟನೆಯಿಂದ ಕಳೆದುಹೋದದ್ದನ್ನು ಮರಳಿ ಸೇರಿಸಿ, ಮಾದರಿಗಳ ಅಂಕಿಗಳನ್ನು ಟ್ರೇಸರ್ ಬೆರೆಸಿದ ದಿನಕ್ಕೆ ತಿದ್ದಿ ಬರೆದಿರುವುದುಂಟು. ಮೀನಿಗೆ ಡೋಸ್ ಕೊಡುವುದು ಮಾತ್ರ ಆಯಾ ದಿನ ಅದರ ಮೈಯಲ್ಲಿ ನಿಜಕ್ಕೂ ಇದ್ದ ಬೆಕರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ವಿಘಟಿಸುತ್ತವೆ ಎಂಬ ಅಳತೆ). ಕಬ್ಬಿಣ-59ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 44.5 ದಿನ. 89ನೇ ದಿನ ಹಿಡಿದ ಮೀನಿನ ಅಂಕಿಯನ್ನು ಆ ದಿನಕ್ಕೇ ಮರಳಿ ತಿದ್ದದಿದ್ದರೆ ಡೋಸ್ ನಾಲ್ಕು ಪಟ್ಟಾಗುತ್ತದೆ.

ಆಮೇಲೆ ತೂಕ. ಮೀನಿನ ಮುಕ್ಕಾಲು ಪಾಲು ನೀರೇ. ಒಣತೂಕದ ಅಂಕಿಯನ್ನು ಹಸಿತೂಕದ್ದೆಂದು ತಿಳಿದರೆ ಮತ್ತೆ ನಾಲ್ಕೈದು ಪಟ್ಟು ಉಬ್ಬುತ್ತದೆ. ಕರುಳಿನಲ್ಲಿರುವ ಹೂಳನ್ನು ಪ್ರತ್ಯೇಕವಾಗಿ ಎಣಿಸಬೇಕು. ಅದು ಮೀನಿನ ಮಾಂಸಕ್ಕೆ ಸೇರಿದ್ದಲ್ಲ.

ಲೆಕ್ಕ ಸರಳ. ಪ್ರತಿ ಕೆಜಿಗೆ ಎಷ್ಟು ಬೆಕರೆಲ್, ಒಂದು ವಿಘಟನೆಯಲ್ಲಿ ಮೈಯೊಳಗೇ ಉಳಿಯುವ ಶಕ್ತಿ ಎಷ್ಟು ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್), ಇವೆರಡರ ಗುಣಲಬ್ಧವನ್ನು 0.000577ರಿಂದ ಗುಣಿಸಿದರೆ ಡೋಸ್ ಗಂಟೆಗೆ ಇಷ್ಟು ಮೈಕ್ರೊಗ್ರೇ ಎಂದು ಸಿಗುತ್ತದೆ. ನೂರು ಗ್ರಾಂ ಮೀನಿನಲ್ಲಿ ಸೀಸಿಯಂ-134 ಕೆಜಿಗೆ 2,000 ಬೆಕರೆಲ್ ಇದೆ ಎನ್ನೋಣ. ಬೀಟಾದ 0.16 ಎಂಇವಿ ಪೂರ್ತಿ ಒಳಗೇ ಉಳಿಯುತ್ತದೆ. ಗಾಮಾದ 1.55 ಎಂಇವಿಯಲ್ಲಿ ಉಳಿಯುವುದು ಅಂದಾಜು ಶೇ 7, ಮಿಕ್ಕದ್ದು ಹೊರಗೆ ಹಾರಿಹೋಗುತ್ತದೆ. ಒಟ್ಟು 0.27 ಎಂಇವಿ, ಅಂದರೆ ಗಂಟೆಗೆ ಸುಮಾರು 0.3 ಮೈಕ್ರೊಗ್ರೇ.

ನಿಜವಾದ ತೊಡಕಿರುವುದು ಕಾಲದಲ್ಲಿ. ಮೀನಿನ ಅಂಕಿ ಸಿಗದಿದ್ದಾಗ ನೀರಿನ ಅಂಕಿಯನ್ನು ಸಾಂದ್ರತಾ ಅನುಪಾತದಿಂದ, ಅಂದರೆ ನೀರಿನ ಸಾಂದ್ರತೆಗಿಂತ ಮೀನಿನದ್ದು ಎಷ್ಟು ಪಟ್ಟು ಎಂಬ ಅಂಕಿಯಿಂದ, ಗುಣಿಸುವುದು ರೂಢಿ. ವರ್ಷಗಟ್ಟಲೆ ಸಣ್ಣ ಪ್ರಮಾಣದಲ್ಲಿ ವಿಕಿರಣಶೀಲ ವಸ್ತು ನೀರಿಗೆ ಸೇರುತ್ತಿರುವ ಕಡೆ, ಉದಾಹರಣೆಗೆ ಕೈಗಾ ಸ್ಥಾವರದ ಪಕ್ಕದ ಕದ್ರಾ ಜಲಾಶಯದಂಥಲ್ಲಿ, ಈ ದಾರಿ ಒಪ್ಪುವಂಥದ್ದೇ. ಟ್ರೇಸರನ್ನು ಹಾಕುವುದಾದರೋ ಒಂದೇ ಸಲ. ಸೀಸಿಯಂ ಹೂಳಿಗೆ ಅಂಟಿಕೊಂಡಂತೆಲ್ಲ ನೀರಿನಲ್ಲಿ ಇಳಿಯುತ್ತದೆ. ಮೀನಿನಲ್ಲಿ, ತಿಂದ ಆಹಾರದ ಮೂಲಕ, ತಿಂಗಳುಗಟ್ಟಲೆ ಏರುತ್ತಲೇ ಇರುತ್ತದೆ. ಮೊದಲ ವಾರ ಮೀನನ್ನು ನೀರಿನಿಂದ ಭಾಗಿಸಿದರೆ ಅನುಪಾತ ಜುಜುಬಿ, ಮರುವರ್ಷ ಭಾಗಿಸಿದರೆ ಆಕಾಶಕ್ಕೆ. ಎರಡೂ ಅನುಪಾತಗಳೇ ಅಲ್ಲ. ಮೊದಲ ದಿನದ ನೀರನ್ನು ಪುಸ್ತಕದ ಅನುಪಾತದಿಂದ ಗುಣಿಸಿದರೆ ಯಾವ ಮೀನೂ ಕಾಣದ ಡೋಸ್ ಹುಟ್ಟುತ್ತದೆ. ಹಾಗಾಗಿ ಮೀನಿನಲ್ಲಿ ಏರಿ ಇಳಿದ ಗೆರೆಯನ್ನೇ ಎಳೆಯಬೇಕು: ಒಳಬರುವ ದರ, ಮೈಯಿಂದ ಹೊರಹೋಗುವ ದರ, ವಿಘಟನೆ, ಮೂರನ್ನೂ ಲೆಕ್ಕಕ್ಕೆ ಹಿಡಿದು. ಮೀನು ಬೆಳೆದಂತೆ ಸಾಂದ್ರತೆ ತಗ್ಗುವುದನ್ನೂ ಮರೆಯಬಾರದು. ಆ ಗೆರೆಯನ್ನು ಡೋಸ್ ದರಕ್ಕೆ ತಿರುಗಿಸಿದರೆ, ಅದರ ಕೆಳಗಿನ ವಿಸ್ತೀರ್ಣವೇ ಒಟ್ಟು ಡೋಸ್.

ಮೊಟ್ಟೆಗಳ ಲೆಕ್ಕ ಬೇರೆ. ಹೂಳಿನ ಮೇಲೆ ಕೂತ ಮೊಟ್ಟೆಗೆ ಡೋಸ್ ಬರುವುದು ಹೆಚ್ಚಾಗಿ ಹೊರಗಿನ ಗಾಮಾದಿಂದ. ಹಸಿ ಹೂಳಿನಲ್ಲಿ ಸೀಸಿಯಂ-134 ಕೆಜಿಗೆ ಅದೇ 2,000 ಬೆಕರೆಲ್ ಆಳದವರೆಗೂ ಇದ್ದರೆ ಮೇಲ್ಮೈಯಲ್ಲಿ ಗಂಟೆಗೆ ಸುಮಾರು 0.9 ಮೈಕ್ರೊಗ್ರೇ, ಮೀನಿನ ಒಳಡೋಸಿನ ಮೂರು ಪಟ್ಟು. ಟ್ರೇಸರ್ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲೇ ನಿಂತಿದ್ದರೆ ಇದಕ್ಕಿಂತ ಕಡಿಮೆ. ಆದ್ದರಿಂದ ಹೂಳಿನ ಕೊಳವೆ ಮಾದರಿಯನ್ನು ಸೆಂಟಿಮೀಟರಿಗೊಂದರಂತೆ ಬಿಲ್ಲೆ ಕತ್ತರಿಸಿ ಎಣಿಸಬೇಕು. ಹತ್ತು ಸೆಂಟಿಮೀಟರನ್ನು ಒಟ್ಟಿಗೆ ಕಲಸಿದರೆ ಮೇಲ್ಪದರದ ತೀವ್ರತೆ ಕಾಣೆಯಾಗುತ್ತದೆ.

ಹೋಲಿಕೆಗೆ, ಕಾಡುಜೀವಿಗಳಿಗೆ ವಿಕಿರಣದ ಅಪಾಯ ಅಳೆಯುವ ಎರಿಕಾ ವಿಧಾನದ ಜರಡಿ ಮಟ್ಟ (ಇದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ತಪಾಸಣೆ ಬೇಡ ಎನ್ನುವ ಮಿತಿ) ಗಂಟೆಗೆ 10 ಮೈಕ್ರೊಗ್ರೇ. ಅದು ಸಹಜ ಹಿನ್ನೆಲೆ ವಿಕಿರಣದ ಮೇಲೆ ಸೇರುವ, ದೀರ್ಘಕಾಲದ ಡೋಸಿಗೆ ಗೊತ್ತುಮಾಡಿದ್ದು. ವರ್ಷದ ಸರಾಸರಿಯನ್ನು ಅದರ ಪಕ್ಕ ಇಡಿ, ಏರಿದ ಗರಿಷ್ಠ ಮಟ್ಟವನ್ನು ಬೇರೆಯಾಗಿ ಬರೆಯಿರಿ, ಮೊಟ್ಟೆಗಳಿಗೆ ಮಾತ್ರ ಅವು ಹೂಳಿನ ಮೇಲಿದ್ದ ವಾರಗಳ ಸರಾಸರಿಯನ್ನೇ ತೆಗೆದುಕೊಳ್ಳಿ.