‘ಆಡೋಣ ಅಂದ’ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳೋದು?

ಹತ್ತನೇ ಕ್ಲಾಸಿನ ಮಕ್ಕಳ ನೋಟ್‌ಬುಕ್ ತಿದ್ದುವಾಗ ನನ್ನ ಕೆಂಪು ಪೆನ್ನು ಪದೇ ಪದೇ ನಿಲ್ಲುವುದು ಇಂಥ ವಾಕ್ಯದ ಮೇಲೆ: ‘ರವಿ ಸೆಡ್ ದಟ್ ಲೆಟ್ಸ್ ಪ್ಲೇ ಕ್ರಿಕೆಟ್.’ ತಪ್ಪು ನಿಜ. ಆದರೆ ಮಗು ಸುಮ್ನೆ ಗೀಚಿದ್ದಲ್ಲ. ‘ಕ್ರಿಕೆಟ್ ಆಡೋಣ ಅಂತ ರವಿ ಹೇಳಿದ’ ಅಂತ ನಾವು ಹೇಳ್ತೀವಿ, ಅಲ್ವಾ? ನಮ್ಮ ‘ಅಂತ’ ಯಾರ ಮಾತನ್ನಾದರೂ ಇದ್ದ ಹಾಗೇ ಎತ್ತಿಕೊಂಡು ಬರುತ್ತದೆ. ಇಂಗ್ಲಿಷಿನ ‘ದಟ್’ಗೆ ಅದು ಆಗುವುದಿಲ್ಲ, ‘ದಟ್’ ಆದ ಮೇಲೆ ‘ಲೆಟ್ಸ್’ ಬರುವುದೇ ಇಲ್ಲ.

ಅದಕ್ಕೇ ‘ಸೆಡ್’ ಬಿಟ್ಟು ‘ಸಜೆಸ್ಟೆಡ್’ ಹಿಡಿಯಿರಿ. ‘ರವಿ ಸಜೆಸ್ಟೆಡ್ ಪ್ಲೇಯಿಂಗ್ ಕ್ರಿಕೆಟ್’ ಅನ್ನಬಹುದು, ‘ರವಿ ಸಜೆಸ್ಟೆಡ್ ದಟ್ ದೇ ಶುಡ್ ಪ್ಲೇ ಕ್ರಿಕೆಟ್’ ಅಂತಲೂ ಅನ್ನಬಹುದು. ವಾಕ್ಯ ಹೇಳುವವರೂ ಆ ಗುಂಪಿನಲ್ಲಿದ್ದರೆ ‘ದೇ’ ಬದಲು ‘ವಿ’. ‘ಲೆಟ್ಸ್ ನಾಟ್ ಗೋ’ ಇದ್ದರೆ ‘ಸಜೆಸ್ಟೆಡ್ ನಾಟ್ ಗೋಯಿಂಗ್’, ಅಷ್ಟೇ.

ದೊಡ್ಡವರ ಆಫೀಸ್ ಮೇಲ್‌ಗಳಲ್ಲೂ ನಾನು ನೋಡುವ ತಪ್ಪು ‘ಹಿ ಸಜೆಸ್ಟೆಡ್ ಮಿ ಟು ಗೋ’. ‘ಸಜೆಸ್ಟ್’ ಪದಕ್ಕೆ ಈ ಕಟ್ಟು ಒಗ್ಗುವುದಿಲ್ಲ. ‘ಮಿ ಟು ಗೋ’ ಬೇಕೇ ಬೇಕು ಅಂದರೆ ‘ಅಡ್ವೈಸ್ಡ್’ ಹಾಕಿ.

ಇನ್ನು ‘ಲೆಟ್ ಅಸ್’. ಇದರಲ್ಲಿ ಎರಡು ಅರ್ಥ ಇದೆ, ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಮಕ್ಕಳು ಮೇಷ್ಟ್ರಿಗೆ ‘ಲೆಟ್ ಅಸ್ ಗೋ ಹೋಮ್, ಸರ್’ ಅಂದರೆ ಅದು ಸಲಹೆಯಾ? ಒಮ್ಮೆ ಕನ್ನಡದಲ್ಲಿ ಹೇಳಿ ನೋಡಿ. ‘ಹೋಗೋಣ’ ಅಂತ ಬಂದರೆ ಸಲಹೆ. ‘ನಮ್ಮನ್ನು ಮನೆಗೆ ಬಿಡಿ ಸರ್’ ಅಂತ ಬಂದರೆ ಬೇಡಿಕೆ, ಆಗ ‘ದೇ ರಿಕ್ವೆಸ್ಟೆಡ್ ದ ಟೀಚರ್ ಟು ಲೆಟ್ ದೆಮ್ ಗೋ ಹೋಮ್’. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಟ್ಟಿದ್ದನ್ನು ಕನ್ನಡ ಬಿಡಿಸಿ ತೋರಿಸುತ್ತದೆ. ಹಾಗಾಗಿ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕಳೆದ ವಾರ ಒಬ್ಬಳು ಹುಡುಗಿ ‘ವೈ ಡೋಂಟ್ ಯು ಸೀ ಅ ಡಾಕ್ಟರ್?’ ಅನ್ನುವುದನ್ನು ‘ಆಸ್ಕ್ಡ್ ಮಿ ವೈ ಐ ಡಿಡಂಟ್ ಸೀ ಅ ಡಾಕ್ಟರ್’ ಅಂತ ಬರೆದಿದ್ದಳು. ವ್ಯಾಕರಣ ಸರಿ, ಅರ್ಥ ತಪ್ಪು, ಯಾಕೆ ಹೋಗಲಿಲ್ಲ ಅಂತ ವಿಚಾರಣೆ ಮಾಡಿದ ಹಾಗೆ. ‘ನಿಮ್ಮಮ್ಮ ಇದನ್ನೇ ಹೇಗೆ ಹೇಳ್ತಾರೆ?’ ಅಂತ ಕೇಳಿದೆ. ‘ಡಾಕ್ಟರಿಗೆ ತೋರಿಸಬಾರದಾ ಅಂತಾರೆ’ ಅಂದಳು. ಆಮೇಲೆ ತಾನೇ ಹೊಡೆದು ಹಾಕಿ ‘ಸಜೆಸ್ಟೆಡ್ ದಟ್ ಐ ಶುಡ್ ಸೀ ಅ ಡಾಕ್ಟರ್’ ಅಂತ ಬರೆದಳು.